ಐದು ದಿನದ ರಜೆ, ಅರವತ್ತೆರಡು ಪುಟ

ರಜೆಗೆ ಹೊರಟವರು ಸಾಮಾನ್ಯವಾಗಿ ಹೋಗುವ ದಾರಿ ವಿಚಾರಿಸುತ್ತಾರೆ. ನಮ್ಮ ಅತ್ತಿಗೆ ವಿಚಾರಿಸಿದ್ದು ವಾಪಸ್ ಬರುವ ದಾರಿಯನ್ನು. ಅದೂ ಒಂದೊಂದು ದ್ವೀಪಕ್ಕೂ ಬೇರೆ ಬೇರೆಯಾಗಿ.

ಟ್ರಾವೆಲ್ಸ್ ಆಫೀಸಿನ ಹುಡುಗಿ ಪಾಪ, ಮೇಜಿನ ಮೇಲೆ ದೊಡ್ಡ ನಕ್ಷೆ ಹರಡಿಕೊಂಡು ಹುರುಪಿನಿಂದ ಕೂತಿದ್ದಳು. ಕರಾವಳಿಯಿಂದ ತುಸು ದೂರದಲ್ಲಿ ಏಳು ಪುಟ್ಟ ದ್ವೀಪಗಳು, ಯಾರದೋ ಕೈ ಜಾರಿ ಕಾಳು ಚೆಲ್ಲಿದ ಹಾಗೆ. ಮೊದಲನೆಯದರಲ್ಲಿ ಹೋಟೆಲು, ಅಂಗಡಿ, ಜನಜಂಗುಳಿ. ಮುಂದಿನವು ಒಂದಕ್ಕಿಂತ ಒಂದು ಚಿಕ್ಕವು. ಐದನೆಯದರಲ್ಲಿ ವಾಹನಗಳೇ ಇಲ್ಲವಂತೆ. ಏಳನೆಯದರಲ್ಲಿ ಎಂಟು ಮನೆ, ಒಂದು ದೀಪಸ್ತಂಭ, ಅಷ್ಟೆ.

"ಮೊದಲನೇದರಿಂದ ವಾಪಸ್ ಬರೋಕೆ ಎಷ್ಟು ಹೊತ್ತು ಬೇಕಮ್ಮ?" ಎಂದರು ಅತ್ತಿಗೆ.

"ನಲವತ್ತು ನಿಮಿಷ, ಮೇಡಂ. ಗಂಟೆಗೊಂದು ದೋಣಿ ಇದೆ."

"ಎರಡನೇದರಿಂದ?"

"ಒಂದು ಗಂಟೆ. ಆದ್ರೆ ಮೇಡಂ, ಅಲ್ಲಿನ ದಂಡೆ ನೋಡಿ, ಮರಳು ಎಷ್ಟು ಬೆಳ್ಳಗಿದೆ..."

"ಮರಳು ಚೆನ್ನಾಗಿದೆ. ಕೊನೇ ದೋಣಿ ಎಷ್ಟು ಗಂಟೆಗೆ ಹೊರಡುತ್ತೆ?"

ಏಳನೆಯ ದ್ವೀಪಕ್ಕೆ ದಿನಕ್ಕೆ ಒಂದೇ ದೋಣಿ, ಇವತ್ತು ಹೋದರೆ ನಾಳೆಯೇ ವಾಪಸ್ ಎಂದು ಕೇಳಿದ ಕೂಡಲೇ ಅತ್ತಿಗೆ ನಕ್ಷೆಯ ಆ ಮೂಲೆಯ ಮೇಲೆ ತಮ್ಮ ಪರ್ಸು ಇಟ್ಟು ಅದನ್ನು ಮುಚ್ಚಿಬಿಟ್ಟರು. ಹುಡುಗಿ ಗಾಬರಿಯಾಗಿ ಸ್ಟೇಪ್ಲರ್ ಬೀಳಿಸಿದಳು. ನಮ್ಮ ಹಿಂದಿನಿಂದ ಜೋರಾಗಿ ನಗು ಕೇಳಿಸಿತು. ನಕ್ಕವಳು ಚುಕ್ಕಿ, ಅಣ್ಣ ಅತ್ತಿಗೆಯ ಒಬ್ಬಳೇ ಮಗಳು. ಹತ್ತೊಂಬತ್ತು ವರ್ಷ. ಹುಟ್ಟಿದಾಗಿನಿಂದ ನಡೆದಿಲ್ಲ, ಮಾತಾಡಿಲ್ಲ, ಕೈ ಎತ್ತಿ ಒಂದು ತುತ್ತು ಬಾಯಿಗೆ ಇಟ್ಟುಕೊಂಡಿಲ್ಲ. ಹೌದು ಅನ್ನಬೇಕಾದರೆ ಕಣ್ಣು ಮೇಲೆತ್ತುತ್ತಾಳೆ, ಬೇಡ ಅನ್ನಬೇಕಾದರೆ ಬಾಯಿ ಬಿಗಿಯುತ್ತಾಳೆ. ಯಾರದಾದರೂ ಕೈಯಿಂದ ಏನಾದರೂ ಬಿದ್ದರೆ ಮಾತ್ರ ಗಾಲಿಕುರ್ಚಿ ಅಲುಗುವಷ್ಟು ನಗುತ್ತಾಳೆ. ಪರರ ಕಷ್ಟಕ್ಕೆ ಹೀಗೆ ಮನಸಾರೆ ನಗುವ ಗುಣ ನಮ್ಮ ವಂಶದ್ದೇ, ನನ್ನಿಂದಲೇ ಹೋಗಿರಬೇಕು.

ಈ ರಜೆ ಆಸೆಪಟ್ಟು ಹೊರಟದ್ದಲ್ಲ, ಡಾಕ್ಟರ ಅಪ್ಪಣೆ. ಹತ್ತೊಂಬತ್ತು ವರ್ಷ ಮಗಳನ್ನು ಹಾಸಿಗೆಯಿಂದ ಕುರ್ಚಿಗೆ, ಕುರ್ಚಿಯಿಂದ ಬಚ್ಚಲಿಗೆ, ಬಚ್ಚಲಿಂದ ಹಾಸಿಗೆಗೆ ಎತ್ತಿ ಎತ್ತಿ ಅತ್ತಿಗೆಯ ಬೆನ್ನು ಸೋತಿತ್ತು. ಒಂದು ಬೆಳಿಗ್ಗೆ ಬಗ್ಗಿದವರು ಬಗ್ಗಿದ ಹಾಗೇ ನಿಂತುಬಿಟ್ಟರು. ಎಕ್ಸ್‌ರೇ ನೋಡಿದ ಡಾಕ್ಟರು, "ಐದು ದಿನ ಊರು ಬಿಟ್ಟು ಹೋಗಿ, ಒಂದು ತಲೆದಿಂಬನ್ನೂ ಎತ್ತಬೇಡಿ. ಆಮೇಲೆ ಬನ್ನಿ, ಚಿಕಿತ್ಸೆ ಶುರು ಮಾಡೋಣ. ಇಲ್ಲಾಂದ್ರೆ ಮುಂದೆ ನಿಮ್ಮನ್ನ ಎತ್ತೋಕೆ ಯಾರನ್ನಾದ್ರೂ ಹುಡುಕ್ಬೇಕಾಗುತ್ತೆ" ಎಂದರು. ಅಣ್ಣ ಕನ್ನಡಕದಂಗಡಿಯಲ್ಲಿ ಕೆಲಸ ಮಾಡುತ್ತಾನೆ. ಇಪ್ಪತ್ತೆರಡು ವರ್ಷ ಊರವರ ಕಣ್ಣು ನೋಡಿದವನು ಹೆಂಡತಿಯ ಬೆನ್ನು ನೋಡಲು ಮರೆತಿದ್ದ. ಹಾಗಂತ ಅವನ ಮುಖಕ್ಕೇ ಹೇಳಿದೆ. ಅವನು ಕನ್ನಡಕ ತೆಗೆದು ಒರೆಸಿಕೊಂಡ, ಮತ್ತೆ ಹಾಕಿಕೊಂಡ.

ಚುಕ್ಕಿಯನ್ನು ಐದು ದಿನ ನೋಡಿಕೊಳ್ಳುವವಳು ನಾನು, ಅವಳ ಸೋದರತ್ತೆ. ಡ್ರೈವಿಂಗ್ ಸ್ಕೂಲಿನಲ್ಲಿ ಕಾರು ಕಲಿಸುತ್ತೇನೆ. ಪಕ್ಕದ ಸೀಟಿನಲ್ಲಿ ನನ್ನ ಕಾಲ ಬಳಿಯೂ ಒಂದು ಬ್ರೇಕ್ ಇದೆ, ಅದರ ಮೇಲೆ ಕಾಲಿಟ್ಟುಕೊಂಡೇ ಹದಿನೇಳು ವರ್ಷ ಕಳೆದಿದ್ದೇನೆ. ಒಂಟಿ ಹೆಂಗಸು, ಗಟ್ಟಿ ರಟ್ಟೆ, ಮೂಗಿನ ತುದಿಯಲ್ಲೇ ಕೋಪ. ಅತ್ತಿಗೆ ನನ್ನನ್ನು ಡ್ರೈವರಮ್ಮ ಅಂತಲೇ ಕರೆಯುವುದು.

ಅವತ್ತು ಮೊದಲನೆಯ ದ್ವೀಪಕ್ಕೇ ಟಿಕೆಟ್ಟಾಯಿತು. ಗಂಟೆಗೊಂದು ದೋಣಿ ಇರುವ, ಎಲ್ಲಕ್ಕಿಂತ ಗದ್ದಲದ ದ್ವೀಪ. ಮಲಗಲು ಹೋಗುವವರು ಸಂತೆಯಲ್ಲಿ ಚಾಪೆ ಹಾಸಿದ ಹಾಗೆ. ನಾನು ಬಾಯಿ ತೆರೆದೆ, ಅಣ್ಣ ಮೇಜಿನ ಕೆಳಗೆ ನನ್ನ ಕಾಲು ತುಳಿದ.

ಮರುದಿನದಿಂದ ಅತ್ತಿಗೆ ನೋಟ್‌ಬುಕ್ ಬರೆಯಲು ಕೂತರು.

ಬೇರೆಯವರು ಪ್ರವಾಸಕ್ಕೆ ಬಟ್ಟೆಯ ಪಟ್ಟಿ ಮಾಡುತ್ತಾರೆ. ಅತ್ತಿಗೆಯ ಬಟ್ಟೆ ಹೊರಡುವ ಹಿಂದಿನ ದಿನದವರೆಗೂ ಬೀರುವಿನಲ್ಲೇ ಇತ್ತು. ನೋಟ್‌ಬುಕ್ ಮಾತ್ರ ಅರವತ್ತೆರಡು ಪುಟಕ್ಕೆ ಬಂತು. ನೀರು ಎಷ್ಟು ಬೆಚ್ಚಗಿರಬೇಕು, ಸ್ನಾನಕ್ಕೆ ಮೊದಲು ಯಾವ ಕಾಲು ಚಾಚಬೇಕು, ಬಲ ಮೊಣಕೈ ಮಡಿಸುವಾಗ ಯಾಕೆ ಅವಸರ ಮಾಡಬಾರದು, ತರಕಾರಿ ಎಷ್ಟು ನುಣ್ಣಗೆ ಅರೆಯಬೇಕು, ಕೆಮ್ಮು ಬಂದರೆ ಯಾವುದು ಬರೀ ಕೆಮ್ಮು, ಯಾವುದು ಹೆದರಬೇಕಾದ ಕೆಮ್ಮು. ಮೂವತ್ತೊಂದನೆಯ ಪುಟದಲ್ಲಿ, "ಸುಮ್ಮಸುಮ್ಮನೆ ಅಳುತ್ತಾಳೆ ಅನ್ನಿಸಿದರೆ ಬೆನ್ನ ಕೆಳಗೆ ಬಟ್ಟೆ ಮಡಿಕೆ ಬಿದ್ದಿದೆಯಾ ನೋಡು. ಇವಳು ಸುಮ್ಮಸುಮ್ಮನೆ ಅಳುವವಳಲ್ಲ" ಎಂದಿತ್ತು. ಆ ಸಾಲನ್ನು ಎರಡು ಸಲ ಓದಿದೆ. ನಾನು ಈ ಮನೆಗೆ ವಾರಕ್ಕೆರಡು ಸಲ ಬಂದು ಹೋಗುವವಳು. ಚುಕ್ಕಿಯ ಕೆನ್ನೆ ಹಿಂಡಿ, ಕಾಫಿ ಕುಡಿದು, ಅಣ್ಣನನ್ನು ಬೈದು ಹೋಗುವುದನ್ನೇ ಪ್ರೀತಿ ಅಂದುಕೊಂಡಿದ್ದೆ.

ಬರೆದದ್ದು ಸಾಲದು ಅಂತ ರಿಹರ್ಸಲ್ ಬೇರೆ. ಮೂರು ಭಾನುವಾರ ನಾನು ಬರಬೇಕು, ಅತ್ತಿಗೆ ಇಲ್ಲದ ಹಾಗೆ ಎಲ್ಲ ಮಾಡಬೇಕು, ಅತ್ತಿಗೆ ಮನೆಯಿಂದ ಹೊರಗಿರಬೇಕು.

ಮೊದಲ ಭಾನುವಾರ ಅವರು ಹೊರಗಿದ್ದದ್ದು ಬಾಗಿಲಿನಾಚೆಯ ಮೆಟ್ಟಿಲ ಮೇಲೆ. ಬಾಗಿಲ ಸಂದಿಯಲ್ಲಿ ಅವರ ಚಪ್ಪಲಿಯ ನೆರಳು ಕಾಣುತ್ತಿತ್ತು. ಸ್ನಾನ ಆಯಿತು, ಬಟ್ಟೆ ಆಯಿತು, ಕೂದಲು ಬಾಚಿದ್ದೂ ಆಯಿತು. ಊಟಕ್ಕೆ ಕೂತಾಗ ಕೆಟ್ಟಿತು. ಹದಿನಾಲ್ಕನೆಯ ಪುಟದಲ್ಲಿ ಬರೆದಂತೆ ನಾನು ಚುಕ್ಕಿಯ ಎಡಗಡೆ ಕೂತೆ. ಒಂದು ಕೈ ಅವಳ ಕುತ್ತಿಗೆಯ ಹಿಂದೆ, ಇನ್ನೊಂದು ಕೈಯಲ್ಲಿ ಚಮಚ. ಚಮಚ ಬಾಯಿಗೆ ಹೋಗುವ ಬದಲು ಗಲ್ಲಕ್ಕೆ ಹೋಯಿತು. ಎರಡನೆಯದು ಮೂಗಿಗೆ. ಮೂರನೆಯದು ನನ್ನ ಮಡಿಲಿಗೆ. ಚುಕ್ಕಿ ಮೊದಲು ನಕ್ಕಳು, ಆಮೇಲೆ ಅವಳಿಗೂ ಸಾಕಾಗಿ ಬಾಯಿ ಬಿಗಿದಳು. ಒಂದು ಗಂಟೆಯಾದರೂ ಅರ್ಧ ಬಟ್ಟಲು ಖಾಲಿಯಾಗಲಿಲ್ಲ.

ಅತ್ತಿಗೆ ಒಳಗೆ ಬಂದರು. ಬಟ್ಟಲು ತೆಗೆದುಕೊಂಡು, ಅದೇ ಎಡಗಡೆಯ ಕುರ್ಚಿಯಲ್ಲಿ ಕೂತು, ಉಳಿದದ್ದನ್ನು ತಿನ್ನಿಸಿದರು. ಒಂದು ಹನಿ ಚೆಲ್ಲಲಿಲ್ಲ. ನನ್ನ ಸೀರೆ ನೋಡಿ, "ಪರವಾಗಿಲ್ಲ ಡ್ರೈವರಮ್ಮ, ಮೊದಲ ದಿನ ಎಲ್ಲರೂ ಗೋಡೆಗೆ ಗುದ್ತಾರೆ" ಎಂದರು. ಮಾತೇನೋ ಸಮಾಧಾನದ್ದು. ಆದರೆ ಅವರ ಮುಖದಲ್ಲಿ ಎಷ್ಟೋ ದಿನಗಳ ನಂತರ ಒಂದು ಕಳೆ ಕಂಡಿತು. ಆಗ ಅದರ ಅರ್ಥ ನನಗಾಗಲಿಲ್ಲ.

ನನ್ನ ಚಮಚ ಯಾಕೆ ಗುರಿ ತಪ್ಪಿತು ಅನ್ನುವುದು ಹೊಳೆದದ್ದು ಬುಧವಾರ, ಪಾಠದ ಮಧ್ಯೆ. ಹೊಸದಾಗಿ ಸೇರಿದ್ದ ಬ್ಯಾಂಕಿನ ಹೆಂಗಸೊಬ್ಬರು ಸ್ಟಿಯರಿಂಗ್ ಹಿಡಿದಿದ್ದರು, ಎಡಗೈಯೇ ಮುಂದೆ ಮುಂದೆ ಹೋಗುತ್ತಿತ್ತು. "ನೀವು ಎಡಚರಾ?" ಎಂದೆ. ಕೇಳಿದ ನನಗೇ ಹೊಡೆದ ಹಾಗಾಯಿತು. ನಮ್ಮ ಅತ್ತಿಗೆಯೂ ಎಡಗೈಯವರು! ಬರೆಯುವುದು, ಹೆಚ್ಚುವುದು, ತಿನ್ನಿಸುವುದು ಎಲ್ಲ ಎಡಗೈಯಲ್ಲೇ. ಮಗಳ ಎಡಗಡೆ ಕೂತರೆ ಬಲಗೈ ಕುತ್ತಿಗೆಗೆ ಆಸರೆ, ಎಡಗೈಗೆ ಚಮಚ, ಅವರಿಗೆ ಸಲೀಸು. ಬರೆಯುವಾಗ 'ಒಂದು ಕೈ, ಇನ್ನೊಂದು ಕೈ' ಎಂದು ಬರೆದಿದ್ದರು. ಹತ್ತೊಂಬತ್ತು ವರ್ಷ ಬೇರೆ ಯಾರೂ ಆ ಕುರ್ಚಿಯಲ್ಲಿ ಕೂತಿರಲಿಲ್ಲ, ಹಾಗಾಗಿ ಇದು ಯಾರ ಗಮನಕ್ಕೂ ಬಂದಿರಲಿಲ್ಲ. ಗಂಡನಿಗೂ ಬಂದಿರಲಿಲ್ಲ ಅನ್ನುವುದನ್ನು ಇನ್ನೊಂದು ಸಲ ಬೈಯಲು ನೆನಪಿಟ್ಟುಕೊಂಡೆ.

ಎರಡನೆಯ ಭಾನುವಾರ ಅಣ್ಣ ಅತ್ತಿಗೆಯನ್ನು ಬಲವಂತವಾಗಿ ಮಾರುಕಟ್ಟೆಗೆ ಕರೆದುಕೊಂಡು ಹೋದ. ನಾನು ಕುರ್ಚಿ ಎತ್ತಿ ಚುಕ್ಕಿಯ ಬಲಗಡೆಗೆ, ಕಿಟಕಿಯ ಕಡೆಗೆ, ಹಾಕಿದೆ. ಎಡಗೈ ಕುತ್ತಿಗೆಗೆ, ಬಲಗೈಗೆ ಚಮಚ. ಚುಕ್ಕಿ ನನ್ನನ್ನು ಆ ಬದಿಯಲ್ಲಿ ಕಂಡು ಕಣ್ಣರಳಿಸಿದಳು. ಒಂದು ಚಮಚ, ನುಂಗಿದಳು. ಇನ್ನೊಂದು, ನುಂಗಿದಳು. ಕೆಮ್ಮಲಿಲ್ಲ, ಚೆಲ್ಲಲಿಲ್ಲ. ಅವಳ ಕುತ್ತಿಗೆ ಆ ಬದಿಗೇ ಸುಲಭವಾಗಿ ತಿರುಗುತ್ತಿತ್ತೋ, ಕಿಟಕಿಯ ಬೆಳಕು ಹಿಡಿಸಿತೋ, ಅಥವಾ ಬರೀ ಹಸಿವೋ, ನನಗೆ ಗೊತ್ತಿಲ್ಲ. ಇಪ್ಪತ್ತೈದು ನಿಮಿಷಕ್ಕೆ ಬಟ್ಟಲು ಖಾಲಿ. ಅತ್ತಿಗೆಗೆ ದಿನವೂ ಐವತ್ತು ನಿಮಿಷ ಹಿಡಿಯುತ್ತಿತ್ತು.

ಬಾಗಿಲು ತೆರೆದ ಸದ್ದು ಕೇಳಿದ್ದೇ ತಡ, ನಾನು ಖಾಲಿ ಬಟ್ಟಲನ್ನು ತಲೆಕೆಳಗು ಮಾಡಿ ತೋರಿಸಿದೆ. "ನೋಡಿ ಅತ್ತಿಗೆ! ಇಪ್ಪತ್ತೈದೇ ನಿಮಿಷ! ಆ ಕಡೆ ಕೂತಿದ್ದೇ ತಪ್ಪು. ಈ ಕಡೆಯಿಂದ ಕೊಟ್ರೆ ಸರಾಗವಾಗಿ ನುಂಗ್ತಾಳೆ!"

ಅಣ್ಣ ಚಪ್ಪಾಳೆ ತಟ್ಟಿದ. ಅತ್ತಿಗೆ ಬಟ್ಟಲು ನೋಡಿದರು, ಕುರ್ಚಿ ನೋಡಿದರು, ಕೊನೆಗೆ ಮಗಳನ್ನು ನೋಡಿದರು. ಚುಕ್ಕಿ ಹೊಟ್ಟೆ ತುಂಬಿದ ಸುಖದಲ್ಲಿ ಕಿಟಕಿಯಾಚೆ ನೋಡುತ್ತಿದ್ದಳು. "ಒಳ್ಳೇದಾಯ್ತು" ಎಂದು ಅತ್ತಿಗೆ ಅಡುಗೆಮನೆಗೆ ಹೋದರು. ನಲ್ಲಿಯ ನೀರು ಬಹಳ ಹೊತ್ತು ಸುರಿಯಿತು.

ಮೂರನೆಯ ಭಾನುವಾರದ ರಿಹರ್ಸಲ್ ಬೇಡವೆಂದು ಫೋನ್ ಬಂತು. ಗುರುವಾರದ ಹೊತ್ತಿಗೆ ರಜೆಯೇ ಬೇಡ ಎಂದಾಯಿತು. ಕಾರಣಗಳು ದಿನಕ್ಕೊಂದು. ದೋಣಿಯಲ್ಲಿ ಕೂತರೆ ವಾಂತಿ ಬರುತ್ತದೆ. ಬಿಸಿಲಿಗೆ ತಲೆನೋವು. ಮರಳಿನಲ್ಲಿ ನಡೆಯುವ ಚಪ್ಪಲಿ ಇಲ್ಲ. ಬೆನ್ನು ಈಗ ಎಷ್ಟೋ ವಾಸಿ. ಆ ಕೊನೆಯದನ್ನು ಹೇಳುವಾಗ ಅವರು ಗೋಡೆ ಹಿಡಿದು ನಿಂತಿದ್ದರು ಎಂದು ಅಣ್ಣ ಹೇಳಿದ. "ನೀನೇ ಬಂದು ಮಾತಾಡು" ಎಂದು ಗೋಗರೆದ. ಹೆಂಡತಿಯ ಹತ್ತಿರ ಮಾತಾಡಲು ತಂಗಿಯನ್ನು ಕರೆಸುವ ಗಂಡ.

ಶನಿವಾರ ಮಧ್ಯಾಹ್ನ ಪಾಠ ಮುಗಿಸಿ ಹೋದೆ. ಅತ್ತಿಗೆ ಮಹಡಿಯ ಮೇಲೆ ಬಟ್ಟೆ ಒಣಹಾಕುತ್ತಿದ್ದರು. ಒದ್ದೆ ಹೊದಿಕೆಯನ್ನು ಹಗ್ಗದ ಮೇಲೆ ಎಸೆಯಲು ಹೋಗಿ ನೋವಿಗೆ ಹಲ್ಲು ಕಚ್ಚಿದ್ದನ್ನು ನಾನು ನೋಡಿದೆ. ಹೊದಿಕೆ ಕಸಿದುಕೊಂಡೆ. ಸಮಾಧಾನವಾಗಿ ಮಾತಾಡಬೇಕು ಎಂದು ದಾರಿಯುದ್ದಕ್ಕೂ ಅಂದುಕೊಂಡೇ ಬಂದಿದ್ದೆ. ಬಾಯಿ ತೆರೆದರೆ ಬೇರೆಯೇ ಬಂತು.

"ನಿಮ್ಮದೇನು ನಾಟಕ ಅತ್ತಿಗೆ? ಐದು ದಿನ ನಾನು ರಜೆ ಹಾಕಿದೀನಿ. ಒಂಬತ್ತು ಜನ ಕಲಿಯೋರನ್ನ ಮುಂದಕ್ಕೆ ಹಾಕಿದೀನಿ. ಅವಳು ನನ್ನ ಕೈಲಿ ಊಟ ಮಾಡ್ತಾಳೆ, ಸ್ನಾನ ಮಾಡಿಸ್ಕೋತಾಳೆ, ನಗ್ತಾಳೆ. ನೀವಿಲ್ಲದಿದ್ರೂ ನಡೆಯುತ್ತೆ!"

"ಗೊತ್ತು" ಎಂದರು ಅತ್ತಿಗೆ. "ಅದಕ್ಕೇ ಹೋಗಲ್ಲ ಅಂದಿದ್ದು."

ನಾನು ಹೊದಿಕೆಯನ್ನು ಹಗ್ಗದ ಮೇಲೆ ಎಳೆದು ಹಾಕಿದೆ. ಅತ್ತಿಗೆ ನೀರಿನ ಟ್ಯಾಂಕಿನ ಕಟ್ಟೆಯ ಮೇಲೆ ಕೂತರು.

"ನಾನು ಸತ್ತ ಮೇಲೆ ಇವಳ ಗತಿ ಏನು ಅಂತ ಹತ್ತೊಂಬತ್ತು ವರ್ಷದಿಂದ ದಿನಾ ಕೇಳ್ಕೋತಿದ್ದೆ. ಯಾರೂ ಉತ್ತರ ಹೇಳಿರಲಿಲ್ಲ. ನೀನು ಹೇಳ್ಬಿಟ್ಟೆ, ಬಟ್ಟಲು ಮಗುಚಿ. ಸಂತೋಷ ಆಗ್ಬೇಕಿತ್ತು. ಆಯ್ತು ಕೂಡ, ಆಗ್ಲಿಲ್ಲ ಅಂತ ಅಲ್ಲ. ಆದ್ರೆ ಅದರ ಬೆನ್ನಿಗೇ ಇನ್ನೊಂದು ಹೊಳೀತು ಕಣೆ. ಇಷ್ಟು ವರ್ಷ ನಾನು ತಪ್ಪು ಕಡೆ ಕೂತು ತಿನ್ನಿಸಿದೆ. ದಿನಕ್ಕೆ ಮೂರು ಹೊತ್ತು. ಅವಳು ಕೆಮ್ಮಿಕೊಂಡು ನುಂಗಿದ್ಲು. ಬಾಯಿದ್ದಿದ್ರೆ ಅಮ್ಮಾ ಆ ಕಡೆ ಬಾ ಅಂತಿದ್ಲು. ಅಷ್ಟೂ ತಿಳೀಲಿಲ್ಲ ನನಗೆ. ಅವಳ ಒಂದು ಕಣ್ಣು ಮಿಟುಕಿಗೂ ಅರ್ಥ ಗೊತ್ತು ಅಂತ ಅರವತ್ತೆರಡು ಪುಟ ಬರ್ಕೊಂಡು ಕೂತಿದ್ದೆ."

ಅವರು ಅಳಲಿಲ್ಲ. ಕೈಯಲ್ಲಿದ್ದ ಬಟ್ಟೆಯ ಕ್ಲಿಪ್ಪನ್ನು ತೆರೆದು ಮುಚ್ಚಿ ಮಾಡುತ್ತಿದ್ದರು.

"ನಾನಿಲ್ದೆ ಆಗಲ್ಲ ಅನ್ನೋದೊಂದೇ ನನಗಿದ್ದ ಆಸ್ತಿ. ಅದೂ ಹೋದ್ರೆ, ನಾನು ಹೋಗಿ ಮರಳ ಮೇಲೆ ಮಲಗಿಕೊಂಡು ಏನು ಯೋಚನೆ ಮಾಡ್ಲಿ? ಅಲ್ಲಿ ನಾನು ಯಾರು?"

ನನಗೆ ನಾಚಿಕೆಯಾಯಿತು. ಹೊಸಬರು ಕಾರನ್ನು ಸರಿಯಾಗಿ ನಿಲ್ಲಿಸಿದಾಗ ಕೂಗುವ ಹಾಗೆ ನಾನು ಕೂಗಿದ್ದೆ, ಖಾಲಿ ಬಟ್ಟಲು ಎತ್ತಿ ಹಿಡಿದು, ಒಬ್ಬ ತಾಯಿಯ ಮುಖಕ್ಕೆ. ಅವರ ಪಕ್ಕದಲ್ಲಿ ಕೂತೆ. ಚೆಂದದ ಮಾತು ನನಗೆ ಬರುವುದಿಲ್ಲ, ಬಂದಷ್ಟು ಹೇಳಿದೆ.

"ಅತ್ತಿಗೆ, ನಾನು ತಿನ್ನಿಸಿದ್ದು ಒಂದೇ ಬಟ್ಟಲು. ಚಮಚ ಕಂಡ್ರೆ ಬಾಯಿ ತೆರೀಬೇಕು ಅಂತ ಅವಳಿಗೆ ಕಲಿಸಿದ್ದು ನಾನಾ? ನಾಲ್ಕು ವರ್ಷ ಹಿಡೀತು ಅಂತ ನೀವೇ ಬರ್ದಿದೀರ, ಎಂಟನೇ ಪುಟ. ಬೇರೆಯವರನ್ನ ಕಂಡ್ರೆ ಹೆದರದೆ ಇರೋ ಹಾಗೆ ಬೆಳೆಸಿದ್ದು ಯಾರು? ನನ್ನ ಹತ್ರ ಕಲಿತೋರು ನಾನಿಲ್ದೆ ಗಾಡಿ ಓಡಿಸಿಕೊಂಡು ಹೋದ್ರೆ, ನನ್ನ ಪಾಠ ಹಾಳಾಯ್ತು ಅಂತೀರಾ?"

"ನಿನಗೆ ಎಲ್ಲದಕ್ಕೂ ಕಾರೇ ಸಿಗೋದು" ಎಂದರು ಅತ್ತಿಗೆ. ತುಟಿಯ ಕೊನೆ ಸ್ವಲ್ಪ ಅಲುಗಿತು.

"ಆ ಕುರ್ಚಿ ವಿಷಯ ನನ್ನಿಂದ ತಪ್ಪಾಯ್ತು. ಹಾಗೆ ಕಿರುಚಬಾರದಿತ್ತು."

"ಕಿರುಚಿದ್ದು ಸರಿ ಇಲ್ಲ. ಹೇಳಿದ್ದು ಸರಿ ಇದೆ." ಎದ್ದು ನಿಂತರು. "ಬಾ, ಇವತ್ತಿನ ಊಟ ಆ ಕಡೆಯಿಂದ ನಾನೇ ಕೊಡ್ತೀನಿ. ನೀನು ಪಕ್ಕದಲ್ಲಿ ಕೂತು ನೋಡು. ಬೈಬೇಡ."

ಬಲಗಡೆ ಕೂತ ಅತ್ತಿಗೆ ಬಲಗೈಯಲ್ಲಿ ಚಮಚ ಹಿಡಿದರು. ಆ ಕೈಗೆ ಏನೂ ಗೊತ್ತಿರಲಿಲ್ಲ. ಮೊದಲ ತುತ್ತು ಗಲ್ಲಕ್ಕೆ ಹೋಯಿತು, ಎರಡನೆಯದು ನೆಲಕ್ಕೆ ಬಿತ್ತು. ಚುಕ್ಕಿಗೆ ನಗು ತಡೆಯಲಾಗಲಿಲ್ಲ. ಅಮ್ಮನ ಕೈಯಿಂದ ಚೆಲ್ಲಿದ್ದು ಅವಳು ನೋಡಿದ್ದೇ ಅಪರೂಪ, ಉಸಿರು ಕಟ್ಟುವಷ್ಟು ನಕ್ಕಳು. ಮುಕ್ಕಾಲು ಗಂಟೆ ಹಿಡಿಯಿತು. ಮೂವರ ಬಟ್ಟೆಯೂ ಕೊಳೆ. ಊಟ ಮುಗಿದ ಮೇಲೆ ಅತ್ತಿಗೆ ಹದಿನಾಲ್ಕನೆಯ ಪುಟ ತೆರೆದು ಒಂದು ಗೆರೆ ಹೊಡೆದರು, ಪಕ್ಕದಲ್ಲಿ ಏನೋ ಸಣ್ಣದಾಗಿ ಬರೆದರು.

ಸೋಮವಾರ ಅವರು ಒಬ್ಬರೇ ಟ್ರಾವೆಲ್ಸ್ ಆಫೀಸಿಗೆ ಹೋಗಿ ದ್ವೀಪ ಬದಲಾಯಿಸಿಕೊಂಡು ಬಂದರು. ಏಳನೆಯದಲ್ಲ, ಅಷ್ಟು ಧೈರ್ಯ ಬರಲಿಲ್ಲ. ಐದನೆಯದು, ವಾಹನಗಳಿಲ್ಲದ್ದು. "ವಾಪಸ್ ಬರೋಕೆ ಎಷ್ಟು ಹೊತ್ತಂತೆ?" ಎಂದು ಕೆಣಕಿದೆ. "ಕೇಳೋಕೆ ಮರೆತೆ" ಎಂದರು. ಸುಳ್ಳು. ಖಂಡಿತ ಕೇಳಿರುತ್ತಾರೆ, ನನಗೆ ಹೇಳಲಿಲ್ಲ ಅಷ್ಟೆ.

ಹೊರಡುವ ಬೆಳಿಗ್ಗೆ ಬಾಗಿಲಲ್ಲಿ ನಿಂತು ನನ್ನ ಕೈ ಹಿಡಿದುಕೊಂಡರು. "ಒಂದು ಮಾತು ಕೊಡು. ನಾನು ಫೋನ್ ಮಾಡಿದಾಗ ಸುಳ್ಳು ಹೇಳ್ಬಾರದು. ಒಳ್ಳೇದಾದ್ರೂ ಸರಿ, ಕೆಟ್ಟದ್ದಾದ್ರೂ ಸರಿ. ನನಗೆ ಬೇಜಾರಾಗುತ್ತೆ ಅಂತ ಇದ್ದದ್ದನ್ನ ಬದಲಾಯಿಸಿ ಹೇಳ್ಬಾರದು." ಮಾತು ಕೊಟ್ಟೆ. ಮಗಳ ಹಣೆಗೆ ಮುತ್ತಿಟ್ಟು, ಹಿಂತಿರುಗಿ ನೋಡದೆ ಮೆಟ್ಟಿಲಿಳಿದರು. ಹಿಂದೆಯೇ ಅಣ್ಣ ಎರಡೂ ಕೈಯಲ್ಲಿ ಚೀಲ ಹಿಡಿದು, ಹೆಂಡತಿಯ ಪರ್ಸನ್ನೂ ಕುತ್ತಿಗೆಗೆ ನೇತುಹಾಕಿಕೊಂಡು ಇಳಿದ. ಅತ್ತಿಗೆ ಏನನ್ನೂ ಎತ್ತಬಾರದು ಅಂದರೆ ಏನನ್ನೂ ಎತ್ತಬಾರದು. ಆ ಒಂದು ನೋಟಕ್ಕೆ ಅವನ ಹಳೆಯ ತಪ್ಪುಗಳಲ್ಲಿ ಅರ್ಧದಷ್ಟನ್ನು ಮನ್ನಿಸಿದೆ.

ಮೊದಲ ದಿನ ಹನ್ನೊಂದು ಸಲ ಫೋನ್ ಬಂತು. ಎರಡನೆಯ ದಿನ ಆರು ಸಲ. ಪ್ರಶ್ನೆಗಳು ಅವೇ. ಊಟ? ಮಾಡಿದಳು. ನಿದ್ದೆ? ಚೆನ್ನಾಗಿ ಮಾಡಿದಳು. ಕೆಮ್ಮು? ಇಲ್ಲ. ಕೊನೆಗೆ ಸ್ವಲ್ಪ ತಡೆದು, ಯಾವುದೋ ಸಣ್ಣ ವಿಷಯ ಎಂಬಂತೆ, "ನನ್ನನ್ನ ಹುಡುಕಿದ್ಲಾ?"

ಅದೊಂದಕ್ಕೆ ಉತ್ತರ ಹೇಳುವುದು ನನಗೆ ಬಲು ಕಷ್ಟವಾಯಿತು. ಚುಕ್ಕಿ ಯಾರನ್ನೂ ಹುಡುಕಿದಂತೆ ಕಾಣಲಿಲ್ಲ. ಬಾಗಿಲ ಕಡೆ ನೋಡಲಿಲ್ಲ, ಅಳಲಿಲ್ಲ, ಊಟ ಬಿಡಲಿಲ್ಲ. ಸಂಜೆ ಅವಳನ್ನು ಕಾರಿನಲ್ಲಿ ಕೂರಿಸಿಕೊಂಡು ಖಾಲಿ ಮೈದಾನದಲ್ಲಿ ಸುತ್ತು ಹಾಕಿಸಿದೆ, ರಿವರ್ಸ್ ಹಾಕಿದಾಗಲೆಲ್ಲ ಕೇಕೆ ಹಾಕಿದಳು. ಫೋನನ್ನು ಅವಳ ಕಿವಿಗಿಟ್ಟರೆ, ಅಮ್ಮನ ದನಿ ಕೇಳುತ್ತ ಸೀಲಿಂಗ್ ಫ್ಯಾನ್ ನೋಡುತ್ತ ಕೂತಿರುತ್ತಿದ್ದಳು. ಒಂದು ಶಬ್ದವನ್ನೂ ಮಾಡುತ್ತಿರಲಿಲ್ಲ.

"ಇಲ್ಲ ಅತ್ತಿಗೆ. ಆರಾಮಾಗಿದಾಳೆ" ಎಂದೆ. ಮಾತು ಕೊಟ್ಟಿದ್ದೆನಲ್ಲ.

ಆ ಕಡೆ ಗಾಳಿಯ ಸದ್ದು, ಅದರ ಹಿಂದೆ ಅಲೆಗಳು. "ಒಳ್ಳೇದಾಯ್ತು" ಎಂದರು ಅತ್ತಿಗೆ. ಅಡುಗೆಮನೆಗೆ ಹೋಗುವ ಮುನ್ನ ಅವತ್ತು ಹೇಳಿದ ಅದೇ ದನಿ.

ಮೂರನೆಯ ದಿನ ಮಾತಾಡಿದ್ದು ಅಣ್ಣ. ಅತ್ತಿಗೆ ಮಧ್ಯಾಹ್ನ ಒಂದು ಮರದ ಕೆಳಗೆ ಮಲಗಿದವರು ನಾಲ್ಕು ಗಂಟೆ ಹೊತ್ತು ಎದ್ದಿಲ್ಲವಂತೆ. ಪಕ್ಕದಲ್ಲಿ ಕೂತು ನೊಣ ಓಡಿಸುತ್ತಿದ್ದಾನಂತೆ. "ಇವಳು ನಿದ್ದೇಲಿ ಗೊರಕೆ ಹೊಡೀತಾಳೆ ಅಂತ ನನಗೆ ಗೊತ್ತೇ ಇರ್ಲಿಲ್ಲ ಕಣೆ. ಮನೇಲಿ ಅಷ್ಟು ನಿದ್ದೆ ಮಾಡಿದ್ದನ್ನ ನಾನು ನೋಡೇ ಇಲ್ಲ" ಎಂದ. ಅವನ ದನಿ ಒಡೆದಿತ್ತು. ನಾನೂ ಬೈಯದೆ ಫೋನ್ ಇಟ್ಟೆ.

ಐದನೆಯ ದಿನ ಮಧ್ಯಾಹ್ನ ಮೂರು ಗಂಟೆಗೆ ಅವರು ಬಂದರು. ಚುಕ್ಕಿಗೆ ಬೇರೆ ಫ್ರಾಕ್ ತೊಡಿಸಿ, ಬಾಗಿಲು ಕಾಣುವ ಹಾಗೆ ಗಾಲಿಕುರ್ಚಿ ತಿರುಗಿಸಿ ಇಟ್ಟಿದ್ದೆ. ಅತ್ತಿಗೆಯ ಮುಖ ಬಿಸಿಲಿಗೆ ಕಪ್ಪಾಗಿತ್ತು, ಆದರೆ ನೆಟ್ಟಗೆ ನಡೆಯುತ್ತಿದ್ದರು. ಹೊಸ್ತಿಲಲ್ಲಿ ಚಪ್ಪಲಿ ಬಿಡುತ್ತ, "ಚುಕ್ಕಿ, ಬಂದೆ ನೋಡೇ" ಎಂದರು.

ಅಮ್ಮ ಬಚ್ಚಲಿನಿಂದ ಹೊರಗೆ ಬಂದರೂ ಕೂಗಿ ಸಂಭ್ರಮಪಡುವ ಹುಡುಗಿ ಇವಳು. ಈಗ ಸದ್ದಿಲ್ಲ. ಅಮ್ಮನನ್ನು ಒಂದು ಸಲ ಪೂರ್ತಿಯಾಗಿ ನೋಡಿದಳು. ಆಮೇಲೆ ನಿಧಾನವಾಗಿ ಮುಖವನ್ನು ಗೋಡೆಯ ಕಡೆಗೆ ತಿರುಗಿಸಿದಳು. ಕುತ್ತಿಗೆ ತಿರುಗಿಸುವುದು ಅವಳಿಗೆ ಸಣ್ಣ ಕೆಲಸವಲ್ಲ. ನರಗಳು ಉಬ್ಬಿದವು, ಗದ್ದ ನಡುಗಿತು.

"ಯಾಕೆ? ಹುಷಾರಿಲ್ವಾ?" ಅಣ್ಣ ಗಾಬರಿಯಾದ. ಬೆಳಿಗ್ಗೆಯಿಂದ ಚೆನ್ನಾಗಿಯೇ ಇದ್ದಳಲ್ಲ! ಹಣೆ ಮುಟ್ಟಿ ನೋಡಿದೆ, ತಣ್ಣಗಿತ್ತು. ಬೆನ್ನ ಕೆಳಗೆ ಕೈ ಹಾಕಿ ನೋಡಿದೆ, ಬಟ್ಟೆಯ ಮಡಿಕೆ ಇರಲಿಲ್ಲ.

ಅತ್ತಿಗೆ ಸುತ್ತಿ ಬಂದು ಗೋಡೆಯ ಕಡೆ ನಿಂತರು. ಚುಕ್ಕಿ ಹಲ್ಲು ಕಚ್ಚಿ, ಅಷ್ಟೇ ಕಷ್ಟಪಟ್ಟು, ಮುಖವನ್ನು ಬಾಗಿಲ ಕಡೆಗೆ ತಿರುಗಿಸಿದಳು. ಅತ್ತಿಗೆ ಈ ಕಡೆ ಬಂದರು. ಅವಳು ಮತ್ತೆ ಗೋಡೆಗೆ. ಮೂರನೆಯ ಸಲಕ್ಕೆ ಕುತ್ತಿಗೆ ಸೋತು ತಿರುಗಲಾಗದೆ ಹೋಯಿತು. ಆಗ ಕಣ್ಣು ಬಿಗಿಯಾಗಿ ಮುಚ್ಚಿಕೊಂಡಳು. ಮುಚ್ಚಿದ ರೆಪ್ಪೆಯ ಕೆಳಗಿನಿಂದ ನೀರು ಇಳಿಯಿತು.

ಅತ್ತಿಗೆ ಕುರ್ಚಿಯ ಮುಂದೆ ನೆಲದ ಮೇಲೆ ಕೂತುಬಿಟ್ಟರು.

"ಡ್ರೈವರಮ್ಮ" ಎಂದರು, ನನ್ನ ಕಡೆ ನೋಡದೆ. "ಇವಳಿಗೆ ಹುಷಾರು ತಪ್ಪಿಲ್ಲ ಕಣೆ. ಸಿಟ್ಟು. ನನ್ನ ಮೇಲೆ ಸಿಟ್ಟು ಮಾಡ್ಕೊಂಡಿದಾಳೆ."

ಹೇಳುತ್ತಲೇ ಅವರಿಗೆ ನಗು ಬಂತು, ಅಳುವೂ ಬಂತು, ಎರಡೂ ಒಟ್ಟಿಗೇ. ಸೆರಗಿನಿಂದ ಒರೆಸಿಕೊಂಡಷ್ಟೂ ಕಣ್ಣು ತುಂಬುತ್ತಿತ್ತು. "ಬಿಟ್ಟು ಹೋದೆ ಅಂತ! ಐದು ದಿನ ಒಳಗೇ ಇಟ್ಕೊಂಡಿದ್ಲು ನೋಡು. ಹತ್ತೊಂಬತ್ತು ವರ್ಷದಲ್ಲಿ ಒಂದು ದಿನಾನೂ ನನ್ನ ಮೇಲೆ ಸಿಟ್ಟು ಮಾಡಿದವಳಲ್ಲ. ನಾನು ಎಲ್ಲಿಗಾದ್ರೂ ಹೋಗಿದ್ರೆ ತಾನೇ!"

ಅಣ್ಣ ಹತ್ತಿರ ಹೋಗಿ ಮಗಳ ತಲೆ ನೇವರಿಸಲು ಕೈ ಚಾಚಿದ. ಅತ್ತಿಗೆ ಅವನ ಕೈ ತಡೆದರು.

"ಬೇಡ, ಸಮಾಧಾನ ಮಾಡ್ಬೇಡಿ. ಸಿಟ್ಟು ಮಾಡ್ಕೊಳ್ಳಲಿ ಅವಳು. ಎಷ್ಟು ಹೊತ್ತು ಬೇಕೋ ಅಷ್ಟು ಹೊತ್ತು ಮಾಡ್ಕೊಳ್ಳಲಿ."

ಚುಕ್ಕಿ ಸಂಜೆಯವರೆಗೂ ಕಣ್ಣು ತೆರೆದು ಅಮ್ಮನ ಕಡೆ ನೋಡಲಿಲ್ಲ. ಅತ್ತಿಗೆ ಅಲ್ಲಿಂದ ಕದಲದೆ, ಕಾಫಿಯನ್ನೂ ನೆಲದ ಮೇಲೆಯೇ ಕುಡಿದು, ಆ ಮುಚ್ಚಿದ ಕಣ್ಣುಗಳಿಗೆ ಸಮುದ್ರದ ವಿಷಯ ಹೇಳುತ್ತ ಕೂತಿದ್ದರು.